ಅಶ್ವಹೃದಯ, ಅಕ್ಷಹೃದಯ

ನಳಮಹಾರಾಜನ ಕಥೆ ನಮ್ಮಲ್ಲಿ ಯಾರಿಗೆ ತಿಳಿಯದು? ಮಹಾಭಾರತದ ವನಪರ್ವದಲ್ಲಿ ಬರುವ ಆ ಕಥೆಯನ್ನು ಬಾಡದ ಕನಕದಾಸರು ‘ನಳಚರಿತ್ರೆ’ಯಾಗಿ ಹಾಡಿ ಮನೆಮನೆಗೆ ಮುಟ್ಟಿಸಿದರು. ಅದರೊಳಗಿನ ಒಂದು ಸಂಗತಿಯನ್ನು ಮಾತ್ರ ಇಂದು ನೆನಪಿಗೆ ತಂದುಕೊಳ್ಳೋಣ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿದ್ದಾನೆ. ಅರಸ ಒಂದೇ ದಿನದಲ್ಲಿ ವಿದರ್ಭವನ್ನು ಮುಟ್ಟಬೇಕಾಗಿದೆ. ಲಾಯಕ್ಕೆ ಹೋದ ಬಾಹುಕ ಕೊಬ್ಬಿ ಮಿರುಗುವ ಕುದುರೆಗಳನ್ನು ಬಿಟ್ಟು ಬಡಕಲು ಕುದುರೆಗಳನ್ನು ಹಿಡಿದು ತಂದ. ಇವು ಅಷ್ಟು ದೂರ ಓಡಬಲ್ಲವೇ ಎಂದು ಅರಸನಿಗೆ ಗಾಬರಿ. ರಥ ಹೊರಟ ಮೇಲೆ ಗಾಬರಿ ಹೋಗಿ ಬೆರಗು ಉಳಿಯಿತು. ಜಾರಿಬಿದ್ದ ಉತ್ತರೀಯವನ್ನು ಎತ್ತಿಕೊಳ್ಳೋಣವೆಂದು ಅರಸ ಹೇಳುವಷ್ಟರಲ್ಲಿ ರಥ ಒಂದು ಯೋಜನ ಮುಂದೆ ಬಂದಿತ್ತು!

ಋತುಪರ್ಣನಲ್ಲಿಯೂ ಒಂದು ವಿದ್ಯೆಯಿತ್ತು. ದಾರಿಯಲ್ಲಿ ಕಂಡ ತಾರೆಮರದ ಎಲೆ ಕಾಯಿಗಳ ಲೆಕ್ಕವನ್ನು ನಿಂತ ನಿಲುವಿನಲ್ಲಿಯೇ ಹೇಳಿಬಿಟ್ಟ. ಅದು ಅಕ್ಷಹೃದಯ, ಅಂದರೆ ದಾಳದ ಮರ್ಮ. ನಳನಲ್ಲಿದ್ದದ್ದು ಅಶ್ವಹೃದಯ, ಕುದುರೆಯ ಮರ್ಮ. ಇಬ್ಬರೂ ತಮ್ಮ ವಿದ್ಯೆಗಳನ್ನು ವಿನಿಮಯ ಮಾಡಿಕೊಂಡರು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಕುದುರೆಯ ಮರ್ಮ ಪೂರ್ಣವಾಗಿ ಬಲ್ಲವನೇ ರಾಜ್ಯವನ್ನು ಜೂಜಿನಲ್ಲಿ ಸೋತಿದ್ದನು. ಪ್ರಾಣಿಯನ್ನು ಅರಿಯುವ ವಿದ್ಯೆ ಒಂದು, ಪಣದ ಲೆಕ್ಕವನ್ನು ಅರಿಯುವ ವಿದ್ಯೆ ಇನ್ನೊಂದು. ಇವೆರಡೂ ಒಂದೇ ಎಂದು ತಿಳಿದಲ್ಲಿ ಮನೆ ಹಾಳಾಗುತ್ತದೆ.

ಮೊದಲನೆಯ ವಿದ್ಯೆಯನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ನವಲಗುಂದ ತಾಲ್ಲೂಕಿನ ತಿರ್ಲಾಪುರದ ಕಡೆಗೆ ಹೋದರೆ ಸಾಕು. ಅದು ಎರೆಭೂಮಿಯ ಸೀಮೆ. ಹತ್ತಿ, ಜೋಳ, ಕಡಲೆ, ಗೋದಿ ಬೆಳೆಯುವ ನೆಲ. ಅಲ್ಲಿಯ ರೈತನಿಗೆ ಕುದುರೆಯ ಸ್ಥಾನದಲ್ಲಿ ಇದ್ದದ್ದು ಎತ್ತು. ಕಾರಹುಣ್ಣಿಮೆಯ ದಿನ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಊರ ಅಗಸಿಯಲ್ಲಿ ಕರಿ ಹರಿಯುವುದು ನಮ್ಮ ಕಡೆಯ ಹಳೆಯ ಪದ್ಧತಿ. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಪೀಕು ಚೆನ್ನ, ಕೆಂದೆತ್ತು ಮುಂದೆ ಬಂದರೆ ಮುಂಗಾರಿ ಚೆನ್ನ ಎಂದು ಹಿರಿಯರ ನಂಬಿಕೆ. ಇಡೀ ಊರು ಒಂದು ವರುಷದ ಅನ್ನವನ್ನೇ ಆ ಓಟಕ್ಕೆ ಒಡ್ಡಿ ನಿಂತಂತೆ ನೋಡುತ್ತದೆ. ಆದರೆ ಯಾರ ಗಂಟಿನಿಂದಲೂ ಒಂದು ಕಾಸು ಕಳಚುವುದಿಲ್ಲ.

ಇದಲ್ಲದೆ ಜಾತ್ರೆ ಹಬ್ಬಗಳಲ್ಲಿ ಖಾಲಿ ಗಾಡಾ ಓಡಿಸುವ ಶರ್ಯತ್ತುಗಳಿವೆ. ಜೋಡೆತ್ತುಗಳು ಒಂದು ನಿಮಿಷದಲ್ಲಿ ಎಷ್ಟು ಅಡಿ ಓಡಿದವು ಎಂದು ಅಳೆಯುವುದು ಇಲ್ಲಿಯ ವಾಡಿಕೆ. ಓಟದ ಮೊದಲು ಕಟ್ಟೆಯ ಮೇಲೆ ಕುಳಿತ ಹಿರಿಯರ ಮಾತು ಕೇಳಬೇಕು. “ತಮ್ಮಾ, ಕೋಡಿನ ಬಣ್ಣ ಆಮ್ಯಾಲ ನೋಡು, ಮೊದಲ ಕಾಲು ನೋಡು” ಎನ್ನುತ್ತಾರೆ. ಗೊರಸು ಒತ್ತಾಗಿ ಗಟ್ಟಿಯಾಗಿರಬೇಕು. ಎದೆ ಅಗಲವಾಗಿರಬೇಕು. ಬೆನ್ನು ತಗ್ಗಿರಬಾರದು. ನಡೆಯುವಾಗ ಹಿಂಗಾಲು ಮುಂಗಾಲಿನ ಹೆಜ್ಜೆಯನ್ನು ಮುಟ್ಟಬೇಕು. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲಿನ ಹೋರಿಗೆ ಹುರುಪು ಹೆಚ್ಚು, ಬಾಯಿಗೂಡಿದ ಎತ್ತಿಗೆ ದಮ್ಮು ಹೆಚ್ಚು. ಸುಳಿಯ ಮಾತನ್ನು ನಂಬುವವರು ನಂಬಲಿ. ಸುಳಿ ಹುಡುಕುವ ನೆಪದಿಂದಲಾದರೂ ಮೈಯೆಲ್ಲ ಕೈಯಾಡಿಸಿ ನೋಡಿದಂತಾಗುತ್ತದೆ, ಅಡಗಿದ ಗಾಯ ಬಾವು ಕೈಗೆ ಸಿಗುತ್ತದೆ.

ತಳಿಯನ್ನೂ ನೋಡುತ್ತಾರೆ. ಖಿಲಾರಿ ಎತ್ತು ಓಟಕ್ಕೆ ಹೆಸರಾದದ್ದು. ಕೃಷ್ಣಾ ಕಣಿವೆಯ ಎತ್ತು ದೊಡ್ಡ ಮೈಯದು. ಎರೆಮಣ್ಣಿನಲ್ಲಿ ಭಾರವಾದ ಕುಂಟೆ ನೇಗಿಲುಗಳನ್ನು ಎಳೆಯಲೆಂದೇ ಬೆಳೆಸಿದ ತಳಿ. ಎರಡೂ ಒಳ್ಳೆಯವೇ, ಆದರೆ ಒಂದರ ಕೆಲಸ ಇನ್ನೊಂದಕ್ಕೆ ಹೇಳಬಾರದು. ಎಲ್ಲಕ್ಕಿಂತ ಮೇಲಾದದ್ದು ಜೋಡಿ. ಒಂದು ಎತ್ತು ಹಾರುತ್ತ, ಇನ್ನೊಂದು ಜಗ್ಗುತ್ತ ಇದ್ದರೆ ಗಾಡಾ ಓರೆಯಾಗಿ ಓಡುತ್ತದೆ. ಹಿಂದಿನ ದಿನ ಮಳೆಯಾಗಿ ಎರೆ ಗಾಲಿಗೆ ಅಂಟುವಂತಿದ್ದರೆ ಎಲ್ಲ ಲೆಕ್ಕವೂ ತಿರುಗಿ ಬೀಳುತ್ತದೆ. ಆಗ ಗೆಲ್ಲುವುದು ಹಗುರ ಕಾಲಲ್ಲ, ಗಟ್ಟಿ ಎದೆ.

ಈಗ ಇದೇ ಕಣ್ಣು ಬೇರೊಂದು ದೇಶದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ. ಇಂಗ್ಲೆಂಡಿನ ಚೆಲ್ಟನಮ್ ಪಟ್ಟಣದ ಬಳಿಯಲ್ಲಿ ಪ್ರತಿವರುಷ ಮಾರ್ಚ್ ತಿಂಗಳಲ್ಲಿ ನಾಲ್ಕು ದಿನ ಕುದುರೆಗಳ ಜಿಗಿತದ ಓಟಗಳು ನಡೆಯುತ್ತವೆ. ನಮ್ಮ ಬೆಂಗಳೂರು, ಮೈಸೂರುಗಳ ಓಟ ಸಮನೆಲದ ಓಟ. ಅಲ್ಲಿಯದು ಬೇಲಿಗಳನ್ನು ಹಾರಿ ಓಡುವ ಓಟ. 1752ರಲ್ಲಿ ಐರ್ಲೆಂಡಿನಲ್ಲಿ ಇಬ್ಬರು ಸವಾರರು ಒಂದು ಚರ್ಚಿನ ಗೋಪುರದಿಂದ ಇನ್ನೊಂದು ಚರ್ಚಿನ ಗೋಪುರದವರೆಗೆ ಹಳ್ಳ, ಬೇಲಿ, ಗೋಡೆ ಎನ್ನದೆ ಓಡಿಸಿದ್ದೇ ಇದರ ಮೂಲವೆಂದು ಹೇಳುತ್ತಾರೆ. ಚೆಲ್ಟನಮ್ಮಿನ ಗೋಲ್ಡ್ ಕಪ್ ಎಂಬ ಮುಖ್ಯ ಓಟ ಮೂರೂಕಾಲು ಮೈಲಿಗೂ ಮಿಕ್ಕಿದ್ದು. ಹಾರಬೇಕಾದ ಬೇಲಿಗಳು 22. ಕೊನೆಯ ದಾರಿ ಏರು. ದಣಿದ ಕುದುರೆಯ ನಿಜವಾದ ಬಲ ಅಲ್ಲಿ ಬಯಲಾಗುತ್ತದೆ.

ಇಂಥ ಓಟಕ್ಕೆ ಕುದುರೆ ಆರಿಸುವವರು ಏನು ನೋಡುತ್ತಾರೆ? ನಮ್ಮ ಕಟ್ಟೆಯ ಹಿರಿಯರು ನೋಡುವುದನ್ನೇ! ನೆಲ ಹಸಿಯೋ ಒಣಗಿದೆಯೋ, ಈ ಕುದುರೆ ಹಿಂದೆ ಇಂಥ ನೆಲದಲ್ಲಿ ಓಡಿದೆಯೋ, ಇಷ್ಟು ದೂರಕ್ಕೆ ದಮ್ಮು ಇದೆಯೋ, ಬೇಲಿಯ ಮುಂದೆ ಹೆಜ್ಜೆ ತಪ್ಪುವ ಚಾಳಿ ಇದೆಯೋ, ಏರಿನಲ್ಲಿ ಕುಸಿಯುತ್ತದೆಯೋ. ಇನ್ನೊಂದು ಹೋಲಿಕೆ ರೈತರಿಗೆ ಮೆಚ್ಚಿಕೆಯಾದೀತು. ಜಿಗಿತದ ಕುದುರೆಗಳಲ್ಲಿ ಬಹುಪಾಲು ಬೀಜ ಒಡೆದವು, ನಮ್ಮ ಎತ್ತುಗಳಂತೆಯೇ. ಅವು ಎಳೆಯ ವಯಸ್ಸಿನಲ್ಲಿ ಮಿಂಚಿ ಮರೆಯಾಗದೆ ವರುಷಗಟ್ಟಲೆ ಓಡುತ್ತವೆ. ಗೋಲ್ಡನ್ ಮಿಲ್ಲರ್ ಎಂಬ ಕುದುರೆ 1932ರಿಂದ 1936ರವರೆಗೆ ಸತತವಾಗಿ ಐದು ಸಲ ಗೋಲ್ಡ್ ಕಪ್ ಗೆದ್ದಿತು. ಆರ್ಕಲ್ 1964ರಿಂದ 1966ರವರೆಗೆ ಮೂರು ಸಲ ಗೆದ್ದಿತು. ಆದ್ದರಿಂದ ಜನ ಅವನ್ನು ಮನೆಯ ಎತ್ತಿನಂತೆ ಹೆಸರು ಹಿಡಿದು ಪ್ರೀತಿಸುತ್ತಾರೆ.

1990ರ ಗೋಲ್ಡ್ ಕಪ್ಪಿನ ಕಥೆ ಹೇಳಲೇಬೇಕು. ಜನರೆಲ್ಲರ ಕಣ್ಣು ಹಿಂದಿನ ವರುಷ ಗೆದ್ದಿದ್ದ ಡೆಸರ್ಟ್ ಆರ್ಕಿಡ್ ಎಂಬ ಬೂದುಬಣ್ಣದ ಕುದುರೆಯ ಮೇಲೆ. ಗೆದ್ದದ್ದು ನಾರ್ಟನ್ಸ್ ಕಾಯಿನ್ ಎಂಬ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕುದುರೆ. ಅದನ್ನು ಪಳಗಿಸಿದವರು ವೇಲ್ಸಿನ ಸಿರೆಲ್ ಗ್ರಿಫಿತ್ಸ್ ಎಂಬ ಹೈನುಗಾರ ರೈತರು. ಅಂದು ಬೆಳಿಗ್ಗೆ ತಮ್ಮ ಆಕಳುಗಳ ಹಾಲು ಹಿಂಡಿ ಮುಗಿಸಿಯೇ ಅವರು ಓಟಕ್ಕೆ ಹೊರಟರು. ಪಣದವರು ಆ ಕುದುರೆಗೆ ಇಟ್ಟಿದ್ದ ದರ ಒಂದಕ್ಕೆ ನೂರು! ಡೆಸರ್ಟ್ ಆರ್ಕಿಡ್ ಮೂರನೆಯದಾಗಿ ಬಂದಿತು.

ಈ ಕಥೆ ಕೇಳಿದವರಲ್ಲಿ ಇಬ್ಬಗೆ. ಒಬ್ಬನು, ಒಬ್ಬ ರೈತನ ಕಣ್ಣು ದೊಡ್ಡ ದೊಡ್ಡ ಲಾಯಗಳ ಕಣ್ಣನ್ನು ಮೀರಿಸಿತಲ್ಲ ಎಂದು ಹಿಗ್ಗುತ್ತಾನೆ. ಇನ್ನೊಬ್ಬನು, ನಾನೂ ಹತ್ತು ರೂಪಾಯಿ ಕಟ್ಟಿದ್ದರೆ ಸಾವಿರವಾಗುತ್ತಿತ್ತಲ್ಲ ಎಂದು ಲೆಕ್ಕ ಹಾಕುತ್ತಾನೆ. ಮೊದಲನೆಯವನು ಅಶ್ವಹೃದಯವನ್ನು ಕಂಡನು. ಎರಡನೆಯವನು ಅಕ್ಷಹೃದಯವನ್ನು ಕಂಡೆನೆಂದು ಭ್ರಮಿಸಿದನು. ಗೆದ್ದ ಒಂದು ಕುದುರೆಯ ಹೆಸರು ಎಲ್ಲರಿಗೂ ನೆನಪಿರುತ್ತದೆ. ಅದೇ ದರದಲ್ಲಿ ಓಡಿ ಸೋತ ಕುದುರೆಗಳ ಹೆಸರನ್ನು ಯಾರೂ ಹೇಳುವುದಿಲ್ಲ.

ಲೆಕ್ಕ ಬಹಳ ಸುಲಭ. ಹತ್ತು ಜನ ತಲೆಗೆ ಹತ್ತರಂತೆ ನೂರು ರೂಪಾಯಿ ಕೂಡಿಸಿದರೆಂದು ಇಟ್ಟುಕೊಳ್ಳಿ. ನಡೆಸುವವನು ತನ್ನ ಪಾಲೆಂದು ಇಪ್ಪತ್ತು ತೆಗೆದುಕೊಂಡು ಎಂಬತ್ತನ್ನು ಗೆದ್ದವರಿಗೆ ಹಂಚುತ್ತಾನೆ. ಯಾವ ಕುದುರೆಯೇ ಗೆಲ್ಲಲಿ, ಹತ್ತು ಜನರೂ ಸೇರಿ ಇಪ್ಪತ್ತು ರೂಪಾಯಿ ಕಳೆದುಕೊಂಡೇ ಮನೆಗೆ ಹೋಗಬೇಕು. ನೀವು ಕುದುರೆಯನ್ನು ಬಲ್ಲವರಿರಬಹುದು. ಆದರೆ ಉಳಿದ ಒಂಬತ್ತು ಜನರೂ ಬಲ್ಲವರೇ. ನಿಮಗೆ ಕಂಡ ಗಟ್ಟಿ ಕಾಲು ಅವರಿಗೂ ಕಂಡಿದೆ. ಆದ್ದರಿಂದಲೇ ಆ ಕುದುರೆಯ ದರ ಆಗಲೇ ಇಳಿದಿದೆ. ನಿಮ್ಮ ಜ್ಞಾನದ ಬೆಲೆಯನ್ನು ದರದಲ್ಲಿ ಮೊದಲೇ ಕಳೆದುಬಿಟ್ಟಿರುತ್ತಾರೆ.

ಕುದುರೆ ಓಟದಲ್ಲಿ ಕೌಶಲವೇ ಪ್ರಧಾನವೆಂದು ನಮ್ಮ ಸುಪ್ರೀಮ್ ಕೋರ್ಟು 1996ರಲ್ಲಿ ತೀರ್ಪು ಕೊಟ್ಟದ್ದುಂಟು. ಆದರೆ ಅದು ಕಾನೂನಿನ ಪ್ರಶ್ನೆಗೆ ಕೊಟ್ಟ ಉತ್ತರ. ನಮ್ಮ ಚೀಲಕ್ಕೆ ಕೊಟ್ಟ ಭರವಸೆಯಲ್ಲ. ಇನ್ನು ಊರ ಎತ್ತಿನ ಓಟದ ಮೇಲೆ ಮರೆಯಲ್ಲಿ ಹಣ ಕಟ್ಟುವುದಕ್ಕಂತೂ ಕಾನೂನಿನಲ್ಲಿ ಎಡೆಯಿಲ್ಲ. ಈಗ ಪಣ ಕಟ್ಟಲು ಊರು ಬಿಡಬೇಕಾಗಿಯೂ ಇಲ್ಲ, ಕಿಸೆಯೊಳಗಿನ ಫೋನೇ ಜೂಜುಕಟ್ಟೆಯಾಗಬಲ್ಲದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರಲ್ಲಿ ಮಾಡಿತು. ಆದರೂ ಮಕ್ಕಳ ಫೀಸಿನ ಹಣ, ಬಿತ್ತನೆಯ ಬೀಜದ ಹಣ ಯಾವ ದಾರಿಯಿಂದ ಹೋಗುತ್ತದೆಂದು ಮನೆಯವರು ನೋಡಿಕೊಳ್ಳಬೇಕು. ಅದು ಕಾಯಿದೆಯೊಂದರಿಂದಲೇ ಆಗುವ ಕೆಲಸವಲ್ಲ.

ಹಣದ ಆಸೆ ಕಣ್ಣನ್ನೂ ಕೆಡಿಸುತ್ತದೆ. ಪಣ ಕಟ್ಟಿದವನು ಎತ್ತನ್ನು ನೋಡುವುದಿಲ್ಲ, ಗೆರೆಯನ್ನು ನೋಡುತ್ತಾನೆ. ಬಾಲ ತಿರುವಿದರೂ ಸರಿ, ಬಾರುಕೋಲಿನಿಂದ ಬಾಸುಂಡೆ ಎಬ್ಬಿಸಿದರೂ ಸರಿ, ಗೆರೆ ಮುಟ್ಟಬೇಕು. ಇಂಥ ಹಿಂಸೆಯ ಕಾರಣದಿಂದಲೇ 2014ರಲ್ಲಿ ಸುಪ್ರೀಮ್ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತು. ಕರ್ನಾಟಕವು 2017ರಲ್ಲಿ ಕಾನೂನು ತಿದ್ದಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಕೊಟ್ಟಿತು. 2023ರಲ್ಲಿ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ಪ್ರಾಣಿಗೆ ಹಿಂಸೆಯಾಗಬಾರದೆಂಬ ಕಟ್ಟಳೆ ಉಳಿದೇ ಇದೆ. ಬ್ರಿಟನ್ನಿನಲ್ಲಿಯೂ 2023ರಿಂದ ಜಿಗಿತದ ಓಟದಲ್ಲಿ ಸವಾರನು ಚಾವಟಿಯನ್ನು ಏಳು ಸಲಕ್ಕಿಂತ ಹೆಚ್ಚು ಬಳಸಿದರೆ ದಂಡನೆಯುಂಟು.

ಟ್ರ್ಯಾಕ್ಟರು ಬಂದ ಮೇಲೆ ಎತ್ತು ಕಟ್ಟುವ ಮನೆಗಳು ನಮ್ಮ ಕಡೆ ಕಡಿಮೆಯಾಗಿವೆ. ಅದನ್ನು ತಪ್ಪೆನ್ನಲಾಗದು. ಆದರೆ ಹಲ್ಲು ನೋಡಿ ವಯಸ್ಸು ಹೇಳುವ, ನಡೆ ನೋಡಿ ನೋವು ತಿಳಿಯುವ ಕಣ್ಣು ಎತ್ತಿನೊಡನೆಯೇ ಹೊರಟುಹೋಗಬಾರದು. ಅದು ಪುಸ್ತಕದಿಂದ ಬರುವಂಥದ್ದಲ್ಲ; ಬಲ್ಲವರ ಪಕ್ಕದಲ್ಲಿ ನಿಂತು ಕಲಿಯುವಂಥದ್ದು.

ಆದ್ದರಿಂದ ಪಟ್ಟಣದ ಕೇಳುಗರಿಗೆ ಒಂದು ಸೂಚನೆ. ಮುಂದಿನ ಜಾತ್ರೆಗೆ ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಓಟದ ಕಣಕ್ಕೆ ಹೋಗಿರಿ. ಹಿರಿಯರೊಬ್ಬರ ಹತ್ತಿರ ನಿಲ್ಲಿರಿ. ಓಟದ ಮೊದಲು ಪ್ರತಿಯೊಬ್ಬರೂ ಒಂದೊಂದು ಜೋಡಿಯನ್ನು ಆರಿಸಿ, ಏಕೆ ಆರಿಸಿದೆವು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ಓಟ ಮುಗಿದ ಮೇಲೆ ಚೀಟಿ ಬಿಚ್ಚಿರಿ. ಸೋತವರು ಹಿರಿಯರನ್ನು ಕೇಳಲಿ: ಎಲ್ಲಿ ತಪ್ಪಿತು, ಕಾಲಿನಲ್ಲೋ, ಜೋಡಿಯಲ್ಲೋ, ನೆಲದಲ್ಲೋ? ಆ ಉತ್ತರವೇ ಅಂದಿನ ಬಹುಮಾನ.