ಪೊಟರೆಯ ಮರ

ಕಾಳಿ ನದಿಯ ದಂಡೆಯ ದಾಂಡೇಲಿ ಕಾಡಿನಲ್ಲಿ ಬೇಸಿಗೆ ಶುರುವಾಗುವ ಹೊತ್ತಿಗೆ ಹೆಣ್ಣು ಮಂಗಟ್ಟೆ ಹಳೆಯ ಮರದ ಪೊಟರೆ ಹೊಕ್ಕು ಬಾಗಿಲು ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಅದರ ಊಟ, ಆಮೇಲೆ ಮರಿಯ ಊಟ, ಹೆಚ್ಚುಪಾಲು ಗಂಡು ಹೊತ್ತು ತರುವ ಹಣ್ಣಿನ ಮೇಲೆಯೇ. ಆ ಗಂಡು ಯಾರದೋ ಕೋವಿಗೆ ಬಲಿಯಾದರೆ ಸಂಸಾರವೇ ಉಪವಾಸ.

ಮಂಗಟ್ಟೆಗೆ ಮರಕುಟಿಗನ ಹಾಗೆ ಮರ ಕೊರೆಯಲು ಬಾರದು. ತಾನಾಗಿ ಆದ ಪೊಟರೆಯೇ ಬೇಕು. ಅದು ಸಿಗುವುದು ದಶಕಗಳನ್ನು ಕಂಡ ದಪ್ಪ ಮರದಲ್ಲಿ. ನಾವೋ, ಟೊಳ್ಳು ಮರ ಕಂಡರೆ ಮೊದಲು ಕೊಡಲಿ ಎತ್ತುವವರು! ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಈ ನಷ್ಟ ತುಂಬುವುದಿಲ್ಲ. ಹಣ್ಣಿಗಂತೂ ಅತ್ತಿ, ಆಲ, ಬಸರಿ, ಗೋಣಿ ಬೇಕು. ತೇಗದ ನೆಡುತೋಪು ಅದರ ಹೊಟ್ಟೆ ತುಂಬಿಸೀತೆ?

2011ರಲ್ಲಿ ಸರ್ಕಾರ ದಾಂಡೇಲಿಯಲ್ಲಿ ಮಂಗಟ್ಟೆಗಳಿಗೆಂದೇ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಿತು. ಒಳ್ಳೆಯ ಕೆಲಸ. ಆದರೆ ಹಣ್ಣು ಹುಡುಕುವ ಹಕ್ಕಿ ಆ ಗಡಿಯೊಳಗೇ ಇರುವುದಿಲ್ಲ. ನಿಮ್ಮ ತೋಟದಂಚಿನಲ್ಲೋ ಸೊಪ್ಪಿನ ಬೆಟ್ಟದಲ್ಲೋ ಹಳೆಯ ಪೊಟರೆ ಮರವಿದ್ದರೆ, ಅತ್ತಿ ಮರವಿದ್ದರೆ, ದಯವಿಟ್ಟು ಕಡಿಯಬೇಡಿ.