ಹೈದರಾಬಾದಿನ ಇಟಾಲಿಯನ್ ಊಟ, ನಮ್ಮ ಅವ್ವಿಯ ಬಳಚು

ನಾನು ಎಂಟೆಕ್ ಮುಗಿಸಿ ಹೈದರಾಬಾದಿಗೆ ಬಂದು ಒಂಬತ್ತು ವರ್ಷ ಆಯ್ತು. ಬ್ಯಾಕೆಂಡ್ ಕೋಡ್ ಬರೆಯೋನು. ಇಲ್ಲಿ ಸಾಮಾನ್ಯವಾಗಿ ಕ್ಲೌಡ್ ಬಿಲ್ ಬಗ್ಗೆ ಮಾತಾಡ್ತಾರೆ, ನಾನು ಇವತ್ತು ಹೋಟೆಲ್ ಬಿಲ್ ಬಗ್ಗೆ ಮಾತಾಡ್ತೀನಿ.

ಹೈಟೆಕ್ ಸಿಟಿ ಕಡೆ ಕೆಲಸ ಮಾಡೋರು ವೆಸ್ಟಿನ್‌ನ ಪ್ರೇಗೊ, ಐಟಿಸಿ ಕೋಹೆನೂರ್‌ನ ಒಟ್ಟಿಮೊ ಇಂಥ ಹೆಸರು ಕೇಳಿರ್ತೀರಿ. ದೊಡ್ಡ ಹೋಟೆಲ್ ಒಳಗಿನ ಇಟಾಲಿಯನ್ ರೆಸ್ಟೋರೆಂಟುಗಳು. ಅಂಥದ್ದೇ ಒಂದಕ್ಕೆ ಎರಡು ವರ್ಷದ ಹಿಂದೆ ಟೀಮ್ ಜೊತೆ ಹೋಗಿದ್ದೆ. ಹೆಸರು ಬೇಡ, ಯಾಕಂದ್ರೆ ಅಲ್ಲಿ ತಪ್ಪು ಮಾಡಿದವನು ನಾನು.

ಹೊರದೇಶದಿಂದ ಕ್ಲೈಂಟ್ ಬಂದಿದ್ರು. ಅವರೇ ಎಲ್ಲರಿಗೂ ಸ್ಪಗೆಟ್ಟಿ ಅಲ್ಲೆ ವೋಂಗೊಲೆ ಹೇಳಿದ್ರು. ಬಿಳಿ ಪ್ಲೇಟು, ಮೇಲೆ ಬಾಯಿ ಬಿಟ್ಟ ಪುಟ್ಟ ಚಿಪ್ಪುಗಳು. ನೋಡಿದ ಕೂಡಲೇ ಗೊತ್ತಾಯ್ತು, ಬಳಚು! ಮಂಗಳೂರು ಕಡೆಯವರಿಗೆ ಮರುವಾಯಿ, ಕಾರವಾರದವರಿಗೆ ತೀಸ್ರೆ. ಕ್ಲೈಂಟ್ ನನ್ನ ಕಡೆ ತಿರುಗಿ, "ನಿಮ್ದು ಕರಾವಳಿ ಅಲ್ವಾ, ಇದು ಅಲ್ಲಿ ಸಿಗುತ್ತಾ?" ಅಂತ ಕೇಳಿದ್ರು. ನಾನು, "ಇಲ್ಲ, ಮೊದಲ ಸಲ ನೋಡ್ತಿದ್ದೀನಿ" ಅಂದೆ.

ಸಿಗುತ್ತೆ ಅಂದಿದ್ರೆ, ಯಾರು ಹಿಡೀತಾರೆ ಅಂತ ಮುಂದಿನ ಪ್ರಶ್ನೆ ಬರ್ತಿತ್ತು. ನಮ್ಮ ಅವ್ವಿ ಹಿಡೀತಿದ್ದಳು.

ನಮ್ಮೂರು ಕುಮಟಾ ತಾಲೂಕಿನ ಅಘನಾಶಿನಿ ಹೊಳೆ ದಡದಲ್ಲಿದೆ. ಶಿರಸಿ ಕಡೆ ಹುಟ್ಟಿ, ತದಡಿ ಹತ್ತಿರ ಸಮುದ್ರ ಸೇರೋ ಹೊಳೆ. ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟ ನೀರಿಗಿಳೀತಾರೆ. ಕಾಲಲ್ಲಿ ಕೆಸರು ತಡವಿ ಬಳಚು ಎಲ್ಲಿದೆ ಅಂತ ತಿಳ್ಕೊಂಡು, ಬಗ್ಗಿ ಕೈಯಲ್ಲಿ ತೆಗೀತಾರೆ. ಭರತ ಏರೋದ್ರೊಳಗೆ ಬುಟ್ಟಿ ತುಂಬಬೇಕು. ಪಂಚಾಂಗದಲ್ಲಿ ಬೇರೆಯವರು ಮುಹೂರ್ತ ನೋಡಿದ್ರೆ ನಮ್ಮನೇಲಿ ಅಮಾವಾಸ್ಯೆ, ಹುಣ್ಣಿಮೆ ನೋಡ್ತಿದ್ರು, ಆಗ ನೀರು ಜಾಸ್ತಿ ಇಳಿಯುತ್ತೆ. ಅವ್ವಿ ಮನೆಗೆ ಬಂದಾಗ ಬೆರಳ ತುದಿ ಬೆಳ್ಳಗೆ ಸುಕ್ಕಾಗಿರ್ತಿತ್ತು, ಚಿಪ್ಪು ಕೊಯ್ದ ಗಾಯ ಬೇರೆ. ನನ್ನ ಹಾಸ್ಟೆಲ್ ಫೀಸು ಬಂದಿದ್ದು ಅಲ್ಲಿಂದ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರ್ತು, 4,801 ಹೆಕ್ಟೇರ್. ಆ ಸುದ್ದೀನ ಆಫೀಸ್ ಗ್ರೂಪಲ್ಲಿ ಹೆಮ್ಮೆಯಿಂದ ಹಾಕಿದೆ. ಹೊಳೆ ಬಗ್ಗೆ ಹೇಳ್ಕೊಳ್ಳೋಕೆ ನಾಚಿಕೆ ಆಗ್ಲಿಲ್ಲ ನೋಡಿ.

ಹೋದ ನವೆಂಬರಲ್ಲಿ ಅವ್ವಿ ಬಂದಾಗ ಅದೇ ರೆಸ್ಟೋರೆಂಟಿಗೆ ಕರ್ಕೊಂಡು ಹೋದೆ. ವೈನ್ ಹಾಕಬೇಡಿ ಅಂತ ಮೊದಲೇ ಹೇಳಿದ್ದೆ. ಪ್ಲೇಟು ಬಂತು. ಅವ್ವಿ ನೋಡಿದಳು.

"ತಮಾ, ಇದು ಬಳಚಲ್ವಾ?"

"ಹೌದು."

"ಮತ್ತೆ ನಂಗೆ ಇಟಲಿ ಊಟ ಅಂದೆ?"

ತಿನ್ನೋಕೆ ಮೊದಲು ಎಣಿಸಿದಳು, ಐದೈದರ ಲೆಕ್ಕದಲ್ಲಿ. ನೂರಕ್ಕೆ ಇಷ್ಟು ಅಂತ ಮಾರಿದ ಅಭ್ಯಾಸ. ಹದಿನೆಂಟು ಇತ್ತು. ಬಿಲ್ ನೋಡಿ ಒಂದಕ್ಕೆ ಎಷ್ಟು ಬಿತ್ತು ಅಂತ ಕೇಳಿದಳು, ನಾನು ಹೇಳ್ಲಿಲ್ಲ. ಬಾಯಿ ಬಿಡದ ಒಂದು ಚಿಪ್ಪನ್ನ ಬೆರಳಲ್ಲಿ ಪಕ್ಕಕ್ಕೆ ಸರಿಸಿದಳು. "ಬೆಂದ್ರೂ ಬಾಯಿ ಬಿಡದೇ ಇದ್ದದ್ದು ತಿನ್ನಬಾರ್ದು." ಅಲ್ಲೇ ನಿಂತಿದ್ದ ವೇಟರ್‌ಗೆ ಹಿಂದಿಯಲ್ಲಿ ಹೇಳಿದೆ. ನಮ್ಮ ಶೆಫ್ ಕೂಡ ಅದನ್ನೇ ಹೇಳ್ತಾರೆ ಅಂತ ಆತ ನಕ್ಕ.

ಮಾಡೋ ಕ್ರಮವೂ ಹೆಚ್ಚು ದೂರ ಇಲ್ಲ. ಅವರೂ ಬಳಚನ್ನ ಉಪ್ಪುನೀರಲ್ಲಿ ಇಟ್ಟು ಮರಳು ಕಕ್ಕಿಸ್ತಾರೆ. ಆಲಿವ್ ಎಣ್ಣೆ, ಬೆಳ್ಳುಳ್ಳಿ, ಒಣಮೆಣಸು, ಮುಚ್ಚಳ ಮುಚ್ಚಿ ಚಿಪ್ಪು ಬಾಯಿ ಬಿಡೋ ತನಕ ಬೇಯಿಸೋದು. ಚೀಸ್ ಹಾಕಲ್ಲ. ಅವ್ವಿಯ ದೂರು ಒಂದೇ: "ಕಾಯೇ ಹಾಕ್ಲಿಲ್ವಲ್ಲ."

ನಾನು ಸ್ವಲ್ಪ ಜ್ಞಾನ ಪ್ರದರ್ಶನ ಮಾಡ್ದೆ, ಅಭ್ಯಾಸ. ಇಟಲಿಯಲ್ಲಿ ಈಗ ಸಾಕೋ ಬಳಚು ಹೆಚ್ಚಿನದು ಅಲ್ಲಿನ ಮೂಲದ್ದಲ್ಲ, ಏಷ್ಯಾದ್ದು, 1983ರಲ್ಲಿ ವೆನಿಸ್‌ನ ಹಿನ್ನೀರಿಗೆ ತಂದು ಬಿಟ್ಟದ್ದು. 2023ರಲ್ಲಿ ಪೋ ನದಿ ಮುಖಜದಲ್ಲಿ ಹೊರಗಿಂದ ಬಂದ ನೀಲಿ ಏಡಿ ಬಳಚನ್ನೆಲ್ಲ ತಿಂದು ಸಾಕಣೆದಾರರು ಕೈಸುಟ್ಕೊಂಡ್ರು ಅಂದೆ.

"ಏಡಿ ಬಂದ್ರೆ ಏಡಿ ತಿನ್ನೂದಪ್ಪ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮಲ್ಲೂ ಮೊದಲಿನಷ್ಟು ಸಿಕ್ಕೂದಿಲ್ಲ ಈಗ. ಮರಿ ಬಳಚನ್ನೂ ಬಿಡೂದಿಲ್ಲ ಜನ." ಈ ವಿಷಯ ಫೋನಲ್ಲಿ ಅವಳು ಯಾವತ್ತೂ ಹೇಳಿರ್ಲಿಲ್ಲ. ನಾನು ಕೇಳಿರ್ಲೂ ಇಲ್ಲ.

ಏಳೋ ಮುಂಚೆ ವೇಟರ್‌ನ ಕರೆದು, ಚಿಪ್ಪು ಏನು ಮಾಡ್ತೀರಿ ಅಂತ ಕೇಳು ಅಂದಳು. ಕಸಕ್ಕೆ ಅಂದ. ನಮ್ಮ ಕಡೆ ಚಿಪ್ಪು ಸುಟ್ಟು ಸುಣ್ಣ ಮಾಡ್ತಿದ್ರು, ಎಲೆಯಡಿಕೆಗೂ ಅದೇ, ಗೋಡೆಗೂ ಅದೇ. ಹದಿನೇಳು ಚಿಪ್ಪು ಟಿಶ್ಯೂ ಪೇಪರಲ್ಲಿ ಸುತ್ತಿ ಪರ್ಸಿಗೆ ಹಾಕ್ಕೊಂಡಳು. ಬಾಗಿಲಲ್ಲಿ ನಿಂತಿದ್ದ ಪೇಟದವನು ಸಲಾಮ್ ಮಾಡಿದ, ಇವಳು ಎರಡೂ ಕೈ ಎತ್ತಿ ಮುಗಿದಳು.

ಸೋಮವಾರ ಕ್ಲೈಂಟ್ ಜೊತೆ ಕಾಲ್ ಇತ್ತು. ಕೊನೆಯಲ್ಲಿ, "ಎರಡು ವರ್ಷದ ಹಿಂದೆ ನಾನೊಂದು ಸುಳ್ಳು ಹೇಳಿದ್ದೆ" ಅಂತ ಶುರು ಮಾಡ್ದೆ. ಪ್ರೊಡಕ್ಷನ್‌ನಲ್ಲಿ ಏನೋ ಬಗ್ ಇದೆ ಅಂದ್ಕೊಂಡು ನಮ್ಮ ಮ್ಯಾನೇಜರ್ ತಕ್ಷಣ ಮೈಕ್ ಆನ್ ಮಾಡಿದ್ರು. ಕ್ಲೈಂಟ್ ಪೂರ್ತಿ ಕೇಳಿ, ನಿಮ್ಮ ತಾಯಿ ಅದನ್ನ ಹೇಗೆ ಮಾಡ್ತಾರೆ ಅಂದ್ರು. ಅಡುಗೆಮನೇಲಿದ್ದ ಅವ್ವೀನ ಕರೆದು ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ. ಅವಳು ಕನ್ನಡದಲ್ಲಿ, ನಾನು ಇಂಗ್ಲಿಷಲ್ಲಿ. ಮುರುಗಲು ಅನ್ನೋ ಪದಕ್ಕೆ ಸಿಕ್ಕಿಹಾಕ್ಕೊಂಡೆ. ಮೀಟಿಂಗ್ ಹದಿನೈದು ನಿಮಿಷ ಜಾಸ್ತಿ ಆಯ್ತು.

ರೆಸಿಪಿ ಬೇಕಾದೋರು ಆಮೇಲೆ ಸಿಗಿ. ಕಾಯಿ ತುರಿಯೋದು ಮಾತ್ರ ನೀವೇ.