ಗುಲಾಬಿಗೆ ಕತ್ತರಿ



ನನ್ನ ತಾಯಿಯವರು ಮನೆಯ ಮುಂದೆ ಒಂದು ಕೆಂಪು ಗುಲಾಬಿಯನ್ನು ಬೆಳೆಸಿದ್ದರು. ಅವರು ತೀರಿಕೊಂಡ ಮೇಲೆ ಅದರ ಒಂದು ಕಡ್ಡಿಯನ್ನು ಕತ್ತರಿಸುವುದಕ್ಕೂ ನನಗೆ ಮನಸ್ಸು ಬಾರದೆ ಹೋಯಿತು. ಬುಡದಲ್ಲಿ ಹೊಸ ಚಿಗುರುಗಳು ಹುಲುಸಾಗಿ ಎದ್ದಾಗ ಗಿಡಕ್ಕೆ ಆಯುಸ್ಸು ಹೆಚ್ಚಿತೆಂದೇ ಹಿಗ್ಗಿದೆನು. ಮೂರನೆಯ ವರ್ಷ ಆ ಗಿಡದಲ್ಲಿ ಅರಳಿದುದು ತಾಯಿಯವರ ಕೆಂಪು ಹೂವಲ್ಲ. ನಾನು ಕಂಡರಿಯದ ನಸುಗೆಂಪು ಹೂ.

ಇದರಲ್ಲಿ ಮಾಯೆಯೇನೂ ಇಲ್ಲ. ದೊಡ್ಡ ಹೂವಿನ ಗುಲಾಬಿಗಳನ್ನು ಸಾಮಾನ್ಯವಾಗಿ ಎಡ್ವರ್ಡ್ ಮೊದಲಾದ ಗಟ್ಟಿ ಜಾತಿಯ ಬೇರಿನ ಮೇಲೆ ಕಣ್ಣುಕಸಿ ಮಾಡಿರುತ್ತಾರೆ. ಕಸಿಯ ಗಂಟಿಗಿಂತ ಕೆಳಗೆ ಏಳುವ ಚಿಗುರು ಬೇರಿನ ಜಾತಿಯದು. ಅದನ್ನು ಹುಟ್ಟಿದಲ್ಲಿಂದಲೇ ಕಿತ್ತುಹಾಕದಿದ್ದರೆ ಆಹಾರವನ್ನೆಲ್ಲ ತಾನೇ ಹೀರಿ, ಮೇಲಿನ ಗಿಡವನ್ನು ಸೊರಗಿಸುತ್ತದೆ. ನಾನು ಕರುಣೆಯೆಂದು ತಿಳಿದುದೇ ಆ ಗಿಡಕ್ಕೆ ಮೃತ್ಯುವಾಯಿತು.

ಆದುದರಿಂದ ಕತ್ತರಿಸಬೇಕು, ಆದರೆ ಅರಿತು ಕತ್ತರಿಸಬೇಕು. ಈ ಗಿಡ ಯಾವ ಕೊಂಬೆಯಲ್ಲಿ ಹೂ ಬಿಡುತ್ತದೆ? ಇದು ಮೊದಲನೆಯ ಪ್ರಶ್ನೆ. ಮಡಿಕೇರಿ, ಉದಕಮಂಡಲಗಳ ತೋಟಗಳಲ್ಲಿ ನೀಲಿಯ ಚೆಂಡಿನಂತೆ ಅರಳುವ ಹೈಡ್ರಾಂಜಿಯ ಬಹುಮಟ್ಟಿಗೆ ಹಳೆಯ ಕೊಂಬೆಯಲ್ಲಿ ಮೊಗ್ಗನ್ನು ಅಡಗಿಸಿಕೊಂಡಿರುತ್ತದೆ. ಅಕಾಲದಲ್ಲಿ ಸವರಿದರೆ ಆ ವರ್ಷ ಹೂವಿಲ್ಲ. ಚೀನಾ, ಜಪಾನುಗಳ ತೆನೆಹೂವಿನ ಹೈಡ್ರಾಂಜಿಯವಾದರೋ ಹೊಸ ಚಿಗುರಿನಲ್ಲಿಯೇ ಹೂ ಬಿಡುವುದರಿಂದ ಅದನ್ನು ಚಳಿಗಾಲದ ಕೊನೆಯಲ್ಲಿ ಸವರಬಹುದು. ನಮ್ಮ ದೊಡ್ಡ ಹೂವಿನ ಗುಲಾಬಿಯೂ ಹೊಸ ಚಿಗುರಿನ ಪಂಗಡವೇ.

ಎರಡನೆಯದು ಕಾಲ. ಇಂಗ್ಲಿಷ್ ಪುಸ್ತಕಗಳು ಮಾರ್ಚ್ ತಿಂಗಳನ್ನು ಹೇಳುತ್ತವೆ. ಅದು ಆ ದೇಶದ ಹಿಮ ಕಳೆಯುವ ಕಾಲ. ನಮಗೆ ಬೇಸಗೆಯ ಬಾಗಿಲು. ಬೆಂಗಳೂರು, ಮೈಸೂರುಗಳಲ್ಲಿ ಮಳೆಯ ಬಿರುಸು ತಗ್ಗಿದ ಅಕ್ಟೋಬರ್ ತಿಂಗಳೇ ಯೋಗ್ಯ. ಆಗ ಸವರಿದರೆ ಸುಮಾರು 6–7 ವಾರಗಳಲ್ಲಿ ಹೂ ಕಾಣುತ್ತದೆ.

ಇನ್ನು ಕ್ರಮ. ಕತ್ತರಿ ಹರಿತವಾಗಿರಲಿ, ಶುದ್ಧವಾಗಿರಲಿ. ಒಣಗಿದ, ರೋಗ ಹಿಡಿದ, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ಮೊದಲು ತೆಗೆಯಿರಿ. ಬಲವಾದ 4–5 ಕಡ್ಡಿಗಳನ್ನು ಉಳಿಸಿ, ಅವುಗಳನ್ನು ಸುಮಾರು ಅರ್ಧಕ್ಕೆ ತಗ್ಗಿಸಿರಿ. ಶೀತದೇಶದವರಂತೆ ಬುಡದವರೆಗೂ ಬೋಳಿಸುವುದು ನಮ್ಮ ಹವೆಗೆ ಒಗ್ಗದು. ಹೊರಮುಖವಾದ ಕಣ್ಣಿನ ಮೇಲೆ ಕಾಲು ಅಂಗುಲ ಬಿಟ್ಟು ಓರೆಯಾಗಿ ಕತ್ತರಿಸಿರಿ; ಚಿಗುರು ಹೊರಕ್ಕೆ ಹರಡಿ, ಗಿಡದ ನಡುವೆ ಗಾಳಿ ಬೆಳಕು ಆಡುತ್ತವೆ. ಗೋಡೆಗೆ ಹಬ್ಬಿಸುವ ಗುಲಾಬಿಗೆ ಮಾತ್ರ ಈ ಅರ್ಧದ ಲೆಕ್ಕ ಸಲ್ಲದು. ಅದರ ಉದ್ದನೆಯ ಕಡ್ಡಿಗಳನ್ನು ಬಾಗಿಸಿ ಕಟ್ಟಿ, ಪಕ್ಕದ ರೆಂಬೆಗಳನ್ನಷ್ಟೇ ಮೊಟಕುಮಾಡಬೇಕು.

ಕತ್ತರಿಸಿದ ತುದಿ ತೆರೆದ ಗಾಯವಿದ್ದಂತೆ. ತುದಿಯಿಂದ ಕಪ್ಪಾಗಿ ಕೆಳಕ್ಕೆ ಒಣಗುತ್ತಾ ಬರುವ ರೋಗ ಅಲ್ಲಿಂದಲೇ ನುಗ್ಗುತ್ತದೆ. ಮೈಲುತುತ್ತ, ಸುಣ್ಣಗಳಿಂದಾದ ಬೋರ್ಡೋ ಮುಲಾಮನ್ನು ಅದಕ್ಕೆ ಸವರಬೇಕು. ಬಳಿಕ ಬುಡದ ಮಣ್ಣನ್ನು ಸಡಿಲಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಒಂದಿಷ್ಟು ಬೇವಿನ ಹಿಂಡಿಯನ್ನೂ ಸೇರಿಸಿ ನೀರೆರೆಯಿರಿ. ನೀರು ಬುಡದಲ್ಲಿ ನಿಲ್ಲಬಾರದು.

ನನ್ನ ಕಥೆಯ ಶೇಷಭಾಗವನ್ನು ಹೇಳಿ ಮುಗಿಸುತ್ತೇನೆ. ನಮ್ಮ ನೆರೆಮನೆಯ ಹಿರಿಯರೊಬ್ಬರ ಅಂಗಳದಲ್ಲಿ ಅದೇ ಕೆಂಪು ಹೂವನ್ನು ಕಂಡು ವಿಚಾರಿಸಿದೆನು. “ನಿಮ್ಮ ತಾಯಿಯವರು ವರ್ಷವರ್ಷವೂ ಗಿಡವನ್ನು ಸವರಿ, ಕಡ್ಡಿಗಳನ್ನು ಬೀದಿಯವರಿಗೆಲ್ಲ ಹಂಚುತ್ತಿದ್ದರಪ್ಪ, ಅದರ ಕಣ್ಣಿನಿಂದಲೇ ಇದನ್ನು ಕಸಿ ಮಾಡಿಸಿದೆವು” ಎಂದರು. ತಾಯಿಯವರು ಕತ್ತರಿಸಿ ಕೊಟ್ಟದ್ದು ಉಳಿದಿತ್ತು. ನಾನು ಕತ್ತರಿಸದೆ ಕಾಪಾಡಿದ್ದು ಅಳಿದಿತ್ತು. ಆ ಗಿಡದ ಕಣ್ಣೊಂದು ಈಗ ನಮ್ಮ ಅಂಗಳಕ್ಕೆ ಮರಳಿ ಬಂದಿದೆ. ಅಕ್ಟೋಬರ್ ಬಂದಿತೆಂದರೆ ನಾನೂ ಕತ್ತರಿ ಹಿಡಿಯುತ್ತೇನೆ. ಕೈ ಈಗ ನಡುಗುವುದಿಲ್ಲ.